ಕಾರಿಲ್ಲದೆ ಆಸ್ಟ್ರಿಯಾದ ವೈನ್ ಊರುಗಳು: ಮೊದಲು ವಾಪಸ್ ಬಸ್ಸು, ಆಮೇಲೆ ಗ್ಲಾಸು

ಆಸ್ಟ್ರಿಯಾದಲ್ಲಿ ವೈನ್ ರುಚಿ ನೋಡಲು ಹೊರಟವರು ಮೊದಲು ಮಾಡುವ ಕೆಲಸ ಹೆಸರುವಾಸಿ ವೈನರಿಗಳ ಪಟ್ಟಿ. ಕಾರಿದ್ದರೆ ಅದು ನಡೆಯುತ್ತದೆ. ಬಸ್ಸು, ರೈಲು ನಂಬಿಕೊಂಡವರು ಲೆಕ್ಕವನ್ನು ತುದಿಯಿಂದ ಶುರು ಮಾಡಬೇಕು: ಸಂಜೆ ವಾಪಸ್ ಬರುವ ಕೊನೆಯ ಬಸ್ಸು ಎಷ್ಟಕ್ಕೆ, ಆ ವಾರ ಯಾವ ಹೊಯ್ರಿಗರ್ (ಬೆಳೆಗಾರರೇ ತಮ್ಮ ವೈನ್ ಮಾರುವ ಅಂಗಳ) ತೆರೆದಿರುತ್ತದೆ, ಇವೆರಡರ ನಡುವೆ ಯಾವ ವೈನರಿ ಕೂರುತ್ತದೆ. ನಮ್ಮ ಹತ್ತಿರ ತಿದ್ದಲು ಬರುವ ಪ್ಲಾನ್‌ಗಳಲ್ಲಿ ಕೆಡುವುದು ಯಾವಾಗಲೂ ಸಂಜೆಯೇ. ಬೆಳಗಿನ ರೈಲನ್ನು ಎಲ್ಲರೂ ಸರಿಯಾಗಿ ನೋಡಿಕೊಂಡಿರುತ್ತಾರೆ.

ಕಾರು ಬೇಡ ಎನ್ನುವುದಕ್ಕೆ ಕಾರಣ ಸರಳ. ಅಲ್ಲಿ ಚಾಲಕರ ರಕ್ತದಲ್ಲಿ ಆಲ್ಕೋಹಾಲ್ ಮಿತಿ ಸಾವಿರಕ್ಕೆ 0.5. ಸೈಕಲ್ ಸವಾರರಿಗೂ ಮಿತಿ ಇದೆ, 0.8, ದಾಟಿ ಸಿಕ್ಕಿಬಿದ್ದರೆ ದಂಡ ನೂರಾರು ಯೂರೊ. ಸೈಕಲ್ ತಾನೇ ಎಂದು ಎರಡು ಗ್ಲಾಸು ಜಾಸ್ತಿ ಏರಿಸುವವರು ಇದನ್ನು ತಿಳಿದಿರಬೇಕು.

ಮೊದಲ ಸಲ ಹೋಗುವವರಿಗೆ ನಮ್ಮ ಶಿಫಾರಸು ವಾಖಾವ್ ಕಣಿವೆ. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗೆ ಡಾನ್ಯೂಬ್ ನದಿಯ ಸುಮಾರು 35 ಕಿಲೋಮೀಟರ್ ಪಟ್ಟಿ, 2000ದಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಊರುಗಳು ನದಿಯ ದಡದಲ್ಲೇ ಸಾಲಾಗಿ ಕೂತಿವೆ, ತೋಟಗಳು ಊರಿನ ಬೆನ್ನಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಬಸ್ಸಿನವರಿಗೆ ಇದಕ್ಕಿಂತ ಅನುಕೂಲದ ಭೂಗೋಳ ಬೇಕಿಲ್ಲ. ಉಳಿದುಕೊಳ್ಳುವುದು ಕ್ರೆಮ್ಸ್‌ನಲ್ಲಿರಲಿ. ವಿಯೆನ್ನಾದಲ್ಲೇ ರೂಮು ಇಟ್ಟುಕೊಂಡು ಒಂದೇ ದಿನದಲ್ಲಿ ಹೋಗಿ ಬರಬಹುದು. ಆದರೆ ಹೊಯ್ರಿಗರ್‌ನಲ್ಲಿ ಎಲ್ಲರೂ ಬಂದು ಕೂರುವ ಹೊತ್ತಿಗೆ ನೀವು ಎದ್ದು ಸ್ಟೇಷನ್‌ಗೆ ಓಡಬೇಕಾಗುತ್ತದೆ.

ವಿಯೆನ್ನಾದಿಂದ ಕ್ರೆಮ್ಸ್‌ಗೆ ರೈಲು ಹೊರಡುವುದು ಮುಖ್ಯ ನಿಲ್ದಾಣದಿಂದಲ್ಲ, ಫ್ರಾನ್ಸ್ ಯೋಸೆಫ್ಸ್ ನಿಲ್ದಾಣದಿಂದ. ಅಲ್ಲಿಯವರೆಗೂ ಹೋಗಬೇಕಾಗಿಲ್ಲ. ಯು4 ಮೆಟ್ರೊ ಹಿಡಿದು ಹೈಲಿಗನ್‌ಷ್ಟಾಟ್‌ನಲ್ಲಿ ಇಳಿದರೆ ಅದೇ ರೈಲು ಅಲ್ಲೂ ನಿಲ್ಲುತ್ತದೆ. ಪ್ರಯಾಣ ಒಂದು ಗಂಟೆಯ ಆಸುಪಾಸು. ಬೇಸಿಗೆಯಲ್ಲಿ ಹಳಿ ದುರಸ್ತಿ ಹಿಡಿದಿದ್ದರೆ ರೈಲು, ಬಸ್ಸಿನ ವೇಳಾಪಟ್ಟಿ ತೋರಿಸುವ ಆ್ಯಪ್‌ನಲ್ಲಿ ಎಸ್‌ಇವಿ ಎಂದು ಕಾಣುತ್ತದೆ, ಅಂದರೆ ರೈಲಿನ ಬದಲಿಗೆ ಬಸ್ಸು. ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಕ್ರೆಮ್ಸ್ ಸ್ಟೇಷನ್ ಎದುರಿನಿಂದ ಎರಡು ಬಸ್ಸು ಮುಖ್ಯ. 715 ನದಿಯ ಉತ್ತರ ದಡದಲ್ಲಿ ಡ್ಯೂರ್ನ್‌ಸ್ಟೈನ್, ವೈಸನ್‌ಕಿರ್ಖನ್, ಸ್ಪಿಟ್ಸ್ ದಾಟಿ ಮೆಲ್ಕ್‌ಗೆ ಹೋಗುತ್ತದೆ. 720 ದಕ್ಷಿಣ ದಡದ ಮೌಟರ್ನ್, ರೊಸಾಟ್ಸ್ ಕಡೆಯದು. ಮೊದಲ ದಿನಕ್ಕೆ 715 ಸಾಕು. ಹಗಲಲ್ಲಿ ಹೆಚ್ಚುಕಮ್ಮಿ ಗಂಟೆಗೊಂದು ಸಿಗುತ್ತದೆ, ಕತ್ತಲಾಗುತ್ತಾ ಬಂದಂತೆ ತೆಳುವಾಗುತ್ತದೆ. ನಿಲ್ದಾಣದಲ್ಲಿ ಅಂಟಿಸಿದ ವೇಳಾಪಟ್ಟಿಯನ್ನು ನಂಬಿ ಮೋಸಹೋಗುವುದು ಒಂದು ಪುಟ್ಟ ಗುರುತಿನಿಂದ: ಕೆಲವು ಬಸ್ಸುಗಳ ಪಕ್ಕದಲ್ಲಿ ‘ಷೂಲ್‌ಟಾಗ್’ ಎಂದಿರುತ್ತದೆ. ಅವು ಶಾಲೆ ಇರುವ ದಿನ ಮಾತ್ರ ಓಡುತ್ತವೆ. ಜುಲೈ, ಆಗಸ್ಟ್ ಅಲ್ಲಿ ಶಾಲೆಗೆ ರಜೆ, ಪ್ರವಾಸಿಗರು ಬರುವುದೂ ಆಗಲೇ. ಆ್ಯಪ್‌ನಲ್ಲಿ ಹೋಗುವ ದಿನಾಂಕವನ್ನೇ ಹಾಕಿ ನೋಡಿ, ‘ಇವತ್ತು’ ಎಂದು ಬಿಟ್ಟು ನೋಡಬೇಡಿ. ಆಗಸ್ಟ್ 15, ಅಕ್ಟೋಬರ್ 26 ಅಲ್ಲಿ ಸರ್ಕಾರಿ ರಜೆ, ಅವತ್ತು ಭಾನುವಾರದ ವೇಳಾಪಟ್ಟಿ. ರೈಲಿನ ವೇಳಾಪಟ್ಟಿ ಡಿಸೆಂಬರ್ ಮಧ್ಯದಲ್ಲಿ ಬದಲಾಗುತ್ತದೆ, ಹಾಗಾಗಿ ಹೋದ ವರ್ಷ ಸ್ನೇಹಿತರು ಬರೆದುಕೊಟ್ಟ ಸಮಯ ಈ ವರ್ಷಕ್ಕೆ ಕೆಲಸಕ್ಕೆ ಬಾರದು.

ದಿನವನ್ನು ದೂರದ ತುದಿಯಿಂದ ಶುರು ಮಾಡಿ. ಬೆಳಿಗ್ಗೆ ಬಸ್ಸಿನಲ್ಲಿ ನೇರ ಸ್ಪಿಟ್ಸ್‌ಗೆ ಹೋಗಿ ಇಳಿಯುವುದು, ಆಮೇಲೆ ಕ್ರೆಮ್ಸ್ ಕಡೆಗೆ ಹತ್ತಿರವಾಗುತ್ತಾ ಬರುವುದು. ಕುಡಿದಷ್ಟೂ ದಾರಿ ಕಡಿಮೆಯಾಗುತ್ತಾ ಬರಬೇಕು, ಹೆಚ್ಚಾಗಬಾರದು. ಸ್ಪಿಟ್ಸ್‌ನಿಂದ ಸೇಂಟ್ ಮಿಖಾಯೆಲ್, ವೋಸನ್‌ಡಾರ್ಫ್, ಯೋಖಿಂಗ್ ಮೂಲಕ ವೈಸನ್‌ಕಿರ್ಖನ್‌ಗೆ ಸುಮಾರು ಆರು ಕಿಲೋಮೀಟರ್. ದಾರಿ ಸಮತಟ್ಟು, ಎಡಕ್ಕೆ ದ್ರಾಕ್ಷಿ ತೋಟ, ಬಲಕ್ಕೆ ಜರ್ದಾಳು ಮರಗಳು, ಅದರಾಚೆ ನದಿ. ಒಂದೂವರೆ ಗಂಟೆಯ ನಡಿಗೆ. ಕಾಲು ಸೋತರೆ ಪ್ರತಿ ಊರಿನಲ್ಲೂ ಅದೇ 715 ನಿಲ್ಲುತ್ತದೆ. ವೈಸನ್‌ಕಿರ್ಖನ್‌ನಲ್ಲಿ ಊಟ, ಒಂದು ವೈನರಿ, ಅಲ್ಲಿಂದ ಬಸ್ಸಿನಲ್ಲಿ ಡ್ಯೂರ್ನ್‌ಸ್ಟೈನ್. ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192ರಲ್ಲಿ ಸೆರೆಯಿಟ್ಟ ಕೋಟೆಯ ಊರು ಇದೇ. ಕೋಟೆಗೆ ಹತ್ತುವುದಿದ್ದರೆ ಗ್ಲಾಸಿಗೆ ಮುಂಚೆ ಹತ್ತಿ, ದಾರಿ ಕಡಿದಾಗಿದೆ, ಕಲ್ಲಿನದು. ಡೊಮೇನೆ ವಾಖಾವ್ ಎಂಬ ಬೆಳೆಗಾರರ ಸಹಕಾರಿ ಸಂಘದ ಮಾರಾಟ ಮಳಿಗೆ ಡ್ಯೂರ್ನ್‌ಸ್ಟೈನ್‌ನಲ್ಲಿದೆ. ಮುಂಗಡ ಹೇಳದೆ ಹೋದವರಿಗೂ ಅಲ್ಲಿ ರುಚಿ ನೋಡಲು ಸಿಗುತ್ತದೆ. ಹಾಗಾಗಿ ಉಳಿದದ್ದು ಕೈಕೊಟ್ಟರೆ ಅದು ಆಸರೆ.

ವೈಸನ್‌ಕಿರ್ಖನ್ ಮತ್ತು ಸ್ಪಿಟ್ಸ್‌ನಲ್ಲಿ ನದಿ ದಾಟಲು ಎಂಜಿನ್ ಇಲ್ಲದ ದೋಣಿಗಳಿವೆ. ಮೇಲೆ ಕಟ್ಟಿದ ಕೇಬಲ್‌ಗೆ ಸಿಕ್ಕಿಸಿಕೊಂಡು, ನೀರಿನ ಹರಿವಿನ ಬಲದಲ್ಲೇ ಓರೆಯಾಗಿ ಸಾಗುತ್ತವೆ. ಮಜಾ ಇದೆ, ಆದರೆ ನದಿ ತುಂಬಿದಾಗ ನಿಂತುಬಿಡುತ್ತವೆ, ಸಂಜೆಗೆ ಮುಚ್ಚುತ್ತವೆ. ಆಚೆ ದಡಕ್ಕೆ ಹೋಗಿ ಸಿಕ್ಕಿಹಾಕಿಕೊಂಡರೆ 720ಕ್ಕೆ ಕಾಯಬೇಕು. ಹಡಗಿನ ವಿಷಯವೂ ಹೀಗೇ ಲೆಕ್ಕದ್ದು: ಮೆಲ್ಕ್‌ನಿಂದ ಕ್ರೆಮ್ಸ್‌ಗೆ ಹರಿವಿನ ಜೊತೆ ಒಂದೂವರೆ ಗಂಟೆಯ ಮೇಲೆ ಸ್ವಲ್ಪ, ಅದೇ ಕ್ರೆಮ್ಸ್‌ನಿಂದ ಮೆಲ್ಕ್‌ಗೆ ಹರಿವಿಗೆ ಎದುರು ಸುಮಾರು ಮೂರು ಗಂಟೆ. ಮೆಲ್ಕ್ ಮಠ ನೋಡುವ ಆಸೆ ಇದ್ದರೆ ಬೆಳಿಗ್ಗೆ ಅಲ್ಲಿಗೆ ರೈಲಿನಲ್ಲಿ ಹೋಗಿ, ಹಡಗನ್ನು ಹರಿವಿನ ಜೊತೆ ವಾಪಸ್ ಬರುವುದಕ್ಕೆ ಇಟ್ಟುಕೊಳ್ಳಿ. ಹಡಗು ಓಡುವುದು ಮುಖ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ಕ್ರೆಮ್ಸ್ ಮತ್ತು ಎಮರ್ಸ್‌ಡಾರ್ಫ್ ನಡುವಿನ ವಾಖಾವ್ ರೈಲು ಕೂಡ ಋತುವಿನಲ್ಲಿ ಮಾತ್ರ, ದಿನಕ್ಕೆ ಕೆಲವೇ ಸಲ. ಕಿಟಕಿ ನೋಟಕ್ಕೆ ಚೆಂದ, ಸಮಯಕ್ಕೆ ನಂಬಿಕೊಳ್ಳಲು ಬಸ್ಸೇ.

ಇನ್ನು ಹೊಯ್ರಿಗರ್. ಬೆಳೆಗಾರರು ತಮ್ಮ ಅಂಗಳದಲ್ಲೇ ತಮ್ಮದೇ ವೈನ್, ಜೊತೆಗೆ ತಿನಿಸು ಮಾರುವ ಜಾಗ. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಕೊಟ್ಟ ಅನುಮತಿಯಿಂದ ಬಂದ ಪದ್ಧತಿ. ಇವು ಹೋಟೆಲ್ ಅಲ್ಲ. ಹಳ್ಳಿಯಲ್ಲಿ ಒಬ್ಬೊಬ್ಬರು ಒಂದೆರಡು ವಾರ ತೆರೆದು, ಮುಚ್ಚಿ, ಇನ್ನೊಬ್ಬರಿಗೆ ಸರದಿ ಬಿಡುತ್ತಾರೆ. ಇಂಟರ್ನೆಟ್‌ನಲ್ಲಿ ಐದು ನಕ್ಷತ್ರ ಪಡೆದ ಹೊಯ್ರಿಗರ್ ನೀವು ಹೋದ ವಾರ ಬಾಗಿಲು ಹಾಕಿರುವುದು ಮಾಮೂಲು. ಊರಿನ ಜಾಲತಾಣದಲ್ಲಿ ‘ಹೊಯ್ರಿಗನ್ ಕಾಲೆಂಡರ್’ ಇರುತ್ತದೆ, ಊರಿನ ಫಲಕದಲ್ಲೂ ಅಂಟಿಸಿರುತ್ತಾರೆ. ಆ ಪಟ್ಟಿ ನೋಡಿಯೇ ದಿನ ಗೊತ್ತು ಮಾಡಿ. ಊರೊಳಗೆ ಹೋದ ಮೇಲೆ ಬಾಗಿಲ ಮೇಲೆ ಕಂಬಕ್ಕೆ ಕಟ್ಟಿದ ಹಸಿರು ಕೊಂಬೆ ಕಂಡರೆ ಒಳಗೆ ನಡೆಯಿರಿ. ಬಹುತೇಕ ಮಧ್ಯಾಹ್ನದ ಮೇಲೆ ತೆರೆಯುತ್ತವೆ. ಕೈಯಲ್ಲಿ ನಗದು ಇರಲಿ.

ಸಸ್ಯಾಹಾರಿಗಳು ಇಲ್ಲಿ ಎಚ್ಚರ ತಪ್ಪುವುದೇ ಹೆಚ್ಚು. ಬ್ರೆಡ್ಡಿನ ಮೇಲೆ ಬಿಳಿಯಾಗಿ ಸವರಿದ್ದು ‘ಷ್ಮಾಲ್ಟ್ಸ್’ ಆದರೆ ಅದು ಹಂದಿ ಕೊಬ್ಬು, ಬೆಣ್ಣೆಯಲ್ಲ. ‘ಗ್ರಾಮೆಲ್’ ಎಂದರೆ ಹುರಿದ ಹಂದಿ ಕೊಬ್ಬಿನ ಚೂರು. ‘ಲಿಪ್ಟೌವರ್’ ಎಂಬ ಕೆಂಪಗಿನ ಚೀಸ್ ಲೇಪ ಸಾಮಾನ್ಯವಾಗಿ ತಿನ್ನಬಹುದಾದದ್ದು, ಆದರೂ ಕೆಲವರು ಅದಕ್ಕೆ ಪುಟ್ಟ ಮೀನು ಅರೆದು ಹಾಕುತ್ತಾರೆ, ಕೇಳಿಯೇ ತಿನ್ನಿ. ಆಲೂಗಡ್ಡೆ ಸಲಾಡ್ ನೋಡಲು ನಿರುಪದ್ರವಿ, ವಿಯೆನ್ನಾ ಪದ್ಧತಿಯಲ್ಲಿ ಅದಕ್ಕೆ ದನದ ಮಾಂಸದ ಸಾರು ಬೀಳುತ್ತದೆ. ಕುಂಬಳ ಬೀಜದ ಲೇಪ, ಚೀಸ್ ತಟ್ಟೆ, ಕಪ್ಪು ಬ್ರೆಡ್ಡು ಇವು ಆಸರೆ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಹ್ಯಾಮ್ ಬರಬಹುದು, ‘ವೆಗೆಟಾರಿಷ್’ ಎಂದೇ ಹೇಳಿ.

ಅಳತೆ ಗೊತ್ತಿರಬೇಕು. ‘ಆಖ್ಟೆಲ್’ ಎಂದರೆ ಲೀಟರಿನ ಎಂಟನೇ ಒಂದು ಭಾಗ, 125 ಮಿಲಿ. ‘ಫಿಯರ್ಟೆಲ್’ 250. ವೈನರಿಯಲ್ಲಿ ಆರು ಬಗೆ ತಲಾ 30 ಮಿಲಿ ರುಚಿ ನೋಡಿದರೆ ಒಟ್ಟು 180 ಮಿಲಿ, ಉಗುಳುವ ಪಾತ್ರೆ ಬಳಸಿದರೆ ಇನ್ನೂ ಕಡಿಮೆ. ಸಂಜೆ ಹೊಯ್ರಿಗರ್‌ನಲ್ಲಿ ಮಾತಾಡುತ್ತಾ ಎರಡು ಫಿಯರ್ಟೆಲ್ ಇಳಿದರೆ ಮುಕ್ಕಾಲು ಲೀಟರ್ ಬಾಟಲಿಯ ಮೂರನೇ ಎರಡು ಭಾಗ ಹೊಟ್ಟೆ ಸೇರಿತು. ದಿನಕ್ಕೆ ಎರಡು ವೈನರಿ, ಒಂದು ಹೊಯ್ರಿಗರ್. ಅದಕ್ಕಿಂತ ಹೆಚ್ಚಾದರೆ ನಾಲಗೆಗೆ ಏನೂ ತಿಳಿಯುವುದಿಲ್ಲ. ಬಾಯಾರಿಕೆಗೆ ಸೋಡಾ ಬೆರೆಸಿದ ‘ಗ್ಷ್ಪ್ರಿಟ್ಸ್‌ಟರ್’ ಕೇಳಿ, ಅಲ್ಲಿ ಅದನ್ನು ಕೀಳಾಗಿ ಯಾರೂ ನೋಡುವುದಿಲ್ಲ.

ವಾಖಾವ್ ಬಾಟಲಿಗಳ ಮೇಲಿನ ಮೂರು ಹೆಸರು ಬಿಸಿಲಲ್ಲಿ ನಡೆಯುವವರಿಗೆ ಬಹಳ ಉಪಯೋಗ. ಷ್ಟೈನ್‌ಫೆಡರ್ ಆಲ್ಕೋಹಾಲ್ ಶೇ 11.5 ದಾಟದು, ಫೆಡರ್‌ಷ್ಪೀಲ್ 11.5ರಿಂದ 12.5, ಸ್ಮರಾಗ್ಡ್ 12.5ರಿಂದ ಮೇಲೆ. ರುಚಿ ನೋಡುವ ಕ್ರಮವೂ ಇದೇ. ದ್ರಾಕ್ಷಿ ತಳಿ ಗ್ರ್ಯೂನರ್ ವೆಲ್ಟ್‌ಲೀನರ್ ಆಗಲಿ ರೀಸ್ಲಿಂಗ್ ಆಗಲಿ, ಮಧ್ಯಾಹ್ನ ಫೆಡರ್‌ಷ್ಪೀಲ್‌ಗೆ ನಿಲ್ಲಿ, ಸ್ಮರಾಗ್ಡ್ ಸಂಜೆಗಿರಲಿ. ದುಬಾರಿಯದ್ದೇ ಮೊದಲು ಬೇಕು ಎನ್ನುವವರು ಬೇಗ ಸುಸ್ತಾಗುತ್ತಾರೆ.

ಸಣ್ಣ ವೈನರಿಗೆ ಒಂದು ವಾರ ಮುಂಚೆ ಇಮೇಲ್ ಮಾಡಿ: ಎಷ್ಟು ಜನ, ಎಷ್ಟು ಗಂಟೆಗೆ, ಎಷ್ಟು ಬಗೆ, ಮತ್ತು ಬಸ್ಸಿನಲ್ಲಿ ಬರುತ್ತೇವೆ ಎಂಬ ಮಾತು. ಈ ಕೊನೆಯದನ್ನು ಹೇಳಿದರೆ ಹತ್ತು ನಿಮಿಷ ತಡವಾದಾಗ ಅವರಿಗೆ ಅರ್ಥವಾಗುತ್ತದೆ, ನಾಲ್ಕು ಪೆಟ್ಟಿಗೆ ಕೊಳ್ಳುವ ಗಿರಾಕಿಯಲ್ಲ ಎಂಬುದೂ ಅರ್ಥವಾಗುತ್ತದೆ. ಒಂದೆರಡು ಬಾಟಲಿ ಕೊಳ್ಳುವುದು ಮರ್ಯಾದೆ. ಭಾನುವಾರ ಅನೇಕರು ರುಚಿ ಕೊಡುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೊಯ್ಲು, ಮನೆಯವರೆಲ್ಲ ತೋಟದಲ್ಲಿರುತ್ತಾರೆ. ಆದರೆ ಅದೇ ಕಾಲದಲ್ಲಿ ಇನ್ನೂ ಹುದುಗುತ್ತಿರುವ ದ್ರಾಕ್ಷಿ ರಸ ‘ಷ್ಟುರ್ಮ್’ ಸಿಗುತ್ತದೆ. ಅನಿಲ ಹೊರಹೋಗಲೆಂದು ಅದರ ಬಾಟಲಿಯನ್ನು ಬಿಗಿಯಾಗಿ ಮುಚ್ಚಿರುವುದಿಲ್ಲ. ಬ್ಯಾಗಿನಲ್ಲಿ ಮಲಗಿಸಿದರೆ ಬಟ್ಟೆಯೆಲ್ಲ ಸಿಹಿ ರಸ. ಅಲ್ಲೇ ಕುಡಿಯಿರಿ.

ರೂಮು ವಿಯೆನ್ನಾದಲ್ಲೇ ಇರಬೇಕು ಎನ್ನುವವರಿಗೆ ಊರೊಳಗೇ ದ್ರಾಕ್ಷಿ ತೋಟಗಳಿವೆ, ಟ್ರಾಮಿನ ಟಿಕೆಟ್ಟೇ ಸಾಕು. 38ಎ ಬಸ್ಸಿನಲ್ಲಿ ಹೈಲಿಗನ್‌ಷ್ಟಾಟ್‌ನಿಂದ ಕಾಲೆನ್‌ಬೆರ್ಗ್ ಗುಡ್ಡದ ಮೇಲಕ್ಕೆ ಹೋಗಿ, ತೋಟಗಳ ನಡುವೆ ನುಸ್‌ಡಾರ್ಫ್‌ಗೆ ಇಳಿದು, ಡಿ ಟ್ರಾಮ್ ಹಿಡಿಯಿರಿ. ಪ್ರವಾಸಿಗರು ತುಂಬುವ ಗ್ರಿನ್ಸಿಂಗ್ ಬಡಾವಣೆಯ ಗದ್ದಲ ಬೇಡವಾದರೆ ಷೊಟನ್‌ರಿಂಗ್‌ನಿಂದ 31ನೇ ಟ್ರಾಮ್‌ನಲ್ಲಿ ಕೊನೆಯ ನಿಲ್ದಾಣ ಷ್ಟಾಮರ್ಸ್‌ಡಾರ್ಫ್. ಇಲ್ಲಿ ಕೇಳಬೇಕಾದದ್ದು ‘ಗೆಮಿಷ್ಟರ್ ಸಾಟ್ಸ್’: ಒಂದೇ ತೋಟದಲ್ಲಿ ಕಲೆತು ಬೆಳೆದ ಕನಿಷ್ಠ ಮೂರು ತಳಿಗಳನ್ನು ಒಟ್ಟಿಗೇ ಕೊಯ್ದು ಮಾಡಿದ್ದು, ಯಾವ ತಳಿಯೂ ಅರ್ಧ ಮೀರುವಂತಿಲ್ಲ.

ದಕ್ಷಿಣಕ್ಕೆ ಗುಂಪೋಲ್ಡ್ಸ್‌ಕಿರ್ಖನ್ ಅರ್ಧ ದಿನದ ಕೆಲಸ. ವೇಗದ ರೈಲು ಅಲ್ಲಿ ನಿಲ್ಲದು, ಲೋಕಲ್ ಹಿಡಿಯಬೇಕು. ಸಿಯರ್‌ಫಾಂಡ್ಲರ್, ರೋಟ್‌ಗಿಪ್‌ಫ್ಲರ್ ಎಂಬ ಬಿಳಿ ತಳಿಗಳ ತವರು ಇದು. ವಿಯೆನ್ನಾಕ್ಕೆ 1873ರಲ್ಲಿ ಬೆಟ್ಟದ ನೀರು ತಂದ ಕಾಲುವೆಯ ಜಾಡಿನಲ್ಲೇ ತೋಟಗಳ ನಡುವೆ ಬಾಡನ್‌ವರೆಗೆ ಎರಡು ಗಂಟೆ ನಡೆದು, ಬಾಡನ್‌ನಿಂದ ಟ್ರಾಮಿನಂಥ ರೈಲಿನಲ್ಲಿ ನೇರ ವಿಯೆನ್ನಾದ ಆಪೆರಾ ಎದುರು ಇಳಿಯಬಹುದು. ವಿಯೆನ್ನಾ ನಗರದ ಪಾಸ್ ಇಲ್ಲಿಗೆ ಸಾಲದು. ನಗರದ ಗಡಿಯಿಂದಾಚೆಗೆ ಬೇರೆ ಟಿಕೆಟ್ ಮೊದಲೇ ತೆಗೆದುಕೊಳ್ಳಿ.

ಕೆಂಪು ವೈನ್ ಬೇಕಾದವರು ನೊಯ್ಸೀಡ್ಲ್ ಸರೋವರದ ಪೂರ್ವಕ್ಕೆ ಗೋಲ್ಸ್ ನೋಡಲಿ, ಊರಿಗೇ ರೈಲಿದೆ. ದಕ್ಷಿಣ ಸ್ಟೈರಿಯಾ ಮಾತ್ರ ಕಾರಿಲ್ಲದವರಿಗೆ ಕಷ್ಟ. ಗ್ರಾಟ್ಸ್‌ನಿಂದ ಲೈಬ್ನಿಟ್ಸ್, ಏರನ್‌ಹೌಸನ್‌ವರೆಗೆ ರೈಲು ಸಲೀಸು, ಅಲ್ಲಿಂದ ಗುಡ್ಡಗಳಿಗೆ ಬಸ್ಸು ಅಪರೂಪ. ರೂಮು ಕೊಡುವ ವೈನರಿಯಲ್ಲೇ ಎರಡು ರಾತ್ರಿ ಉಳಿಯುವುದಿದ್ದರೆ ಹೋಗಿ, ಇಲ್ಲದಿದ್ದರೆ ಬಿಡಿ.

ಊರಿಗೆ ತರುವ ಲೆಕ್ಕ: ಭಾರತಕ್ಕೆ ಬರುವಾಗ ಒಬ್ಬ ವಯಸ್ಕರಿಗೆ ಸುಂಕವಿಲ್ಲದೆ ಎರಡು ಲೀಟರ್. ಅಂದರೆ ಮುಕ್ಕಾಲು ಲೀಟರಿನ ಎರಡು ಬಾಟಲಿ, ಮೂರನೆಯದಕ್ಕೆ ಸುಂಕ. ಕೈಚೀಲದಲ್ಲಿ ಬಿಡುವುದಿಲ್ಲ, ಬಟ್ಟೆ ಸುತ್ತಿ ದೊಡ್ಡ ಸೂಟ್‌ಕೇಸಿನ ನಡುಮಧ್ಯೆ ಇಡಿ. ಜರ್ಮನಿಯಲ್ಲಿರುವ ಕನ್ನಡಿಗರಿಗೆ ಈ ತಾಪತ್ರಯವಿಲ್ಲ, ಅನೇಕ ವೈನರಿಗಳು ಪೆಟ್ಟಿಗೆಯನ್ನು ಮನೆಗೇ ಕಳಿಸುತ್ತವೆ. ಮ್ಯೂನಿಕ್‌ನಿಂದ ಬರುವವರು ವಿಯೆನ್ನಾವರೆಗೆ ಹೋಗಿ ಹಿಂದೆ ಬರಬೇಕಾಗಿಯೂ ಇಲ್ಲ. ಸಾಂಕ್ಟ್ ಪೋಲ್ಟನ್‌ನಲ್ಲಿ ಇಳಿದು ಲೋಕಲ್ ರೈಲು ಹಿಡಿದರೆ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಕ್ರೆಮ್ಸ್.