ಪಟ್ಟಿಯಲ್ಲಿ ನೆರೆ ಹೆಚ್ಚಿದೆ, ಹೊಳೆಯಲ್ಲಿ?

ಪ್ರಶ್ನೆ: ಕರ್ನಾಟಕದ ಜಿಲ್ಲಾವಾರು ನೆರೆ ದಾಖಲೆಗಳನ್ನು ಎಕ್ಸೆಲ್‌ಗೆ ಹಾಕಿದ್ದೇನೆ. 1997ರ ನಂತರ ಸಾಲುಗಳು ಏಕಾಏಕಿ ಏರಿವೆ. ನೆರೆ ಹೆಚ್ಚಾಗಿದೆ ಎಂದು ಬರೆಯಬಹುದೇ?

ಈಗಲೇ ಬರೆಯಬೇಡಿ. 1997ರಲ್ಲಿ ಖಚಿತವಾಗಿ ಹೆಚ್ಚಿದ್ದು ಜಿಲ್ಲೆಗಳು. ಬಿಜಾಪುರದಿಂದ ಬಾಗಲಕೋಟೆ, ಧಾರವಾಡದಿಂದ ಗದಗ, ಹಾವೇರಿ ಬೇರೆಯಾದದ್ದು ಆ ವರ್ಷ. ಬೆಣ್ಣೆಹಳ್ಳ, ಮಲಪ್ರಭೆ ಒಟ್ಟಿಗೆ ಉಕ್ಕಿ ನವಲಗುಂದ, ನರಗುಂದ, ಬಾದಾಮಿ ತಾಲ್ಲೂಕುಗಳಿಗೆ ನೀರು ನುಗ್ಗಿತು ಎನ್ನಿ. 1996ರ ಪಟ್ಟಿಯಲ್ಲಾದರೆ ಧಾರವಾಡ, ಬಿಜಾಪುರ ಎಂದು ಎರಡು ಸಾಲು. 1998ರಲ್ಲಿ ಅದೇ ನೀರಿಗೆ ಧಾರವಾಡ, ಗದಗ, ಬಾಗಲಕೋಟೆ ಎಂದು ಮೂರು ಸಾಲು!

ಮೂಲ ಹೆಸರಿನ ಕಾಲಂ ಮುಟ್ಟಬೇಡಿ. ಪಕ್ಕದಲ್ಲಿ ಎರಡು ಕಾಲಂ ಸೇರಿಸಿ: 1991ರ ಜನಗಣತಿಯ ಗಡಿಯಂತೆ ಹಳೆಯ ಜಿಲ್ಲೆ, ಮತ್ತು ನದಿ. ಒಂದೇ ನದಿ, ಒಂದೇ ಮಳೆಯ ಸುತ್ತಿನ ಸಾಲುಗಳಿಗೆ ಒಂದೇ ಘಟನಾ ಸಂಖ್ಯೆ ಕೊಟ್ಟು, ಎಣಿಕೆಯನ್ನು ಅದರ ಮೇಲೆ ಮಾಡಿ. ದಾವಣಗೆರೆ ಇಲ್ಲಿ ತಲೆನೋವು: ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ ಬಂದವು, ಉಳಿದದ್ದು ಚಿತ್ರದುರ್ಗದ್ದು. ತಾಲ್ಲೂಕಿನ ಹೆಸರಿಲ್ಲದ ಸಾಲನ್ನು ಊಹಿಸಿ ಹಂಚದೆ ‘ಅನಿಶ್ಚಿತ’ ಎಂದೇ ಗುರುತಿಸಿ. 2014ರ ಹೆಸರು ಬದಲಾವಣೆಯೂ ನೆನಪಿರಲಿ. ಗುಲ್ಬರ್ಗ, ಕಲಬುರಗಿ ಎರಡು ಊರಾಗಿ ಕುಳಿತಿರುತ್ತವೆ.

ಖಾಲಿ ವರ್ಷವನ್ನು ಸೊನ್ನೆ ಎಂದು ತುಂಬಬೇಡಿ. ಇಎಂ-ಡ್ಯಾಟ್‌ನಂಥ ಜಾಗತಿಕ ವಿಪತ್ತು ಪಟ್ಟಿಗೆ ಸೇರಬೇಕಾದರೆ 10 ಸಾವು, ಅಥವಾ 100 ಜನ ಬಾಧಿತರು, ಅಥವಾ ತುರ್ತುಸ್ಥಿತಿ ಘೋಷಣೆ, ಅಥವಾ ವಿದೇಶಿ ನೆರವಿನ ಕೋರಿಕೆ ಇರಬೇಕು. ಹೊಲವಷ್ಟೇ ಮುಳುಗಿದ ನೆರೆ ಅಲ್ಲಿ ಸಿಗದು.

ಮಳೆಯೊಂದಿಗೆ ಹೊಂದಿಸುವಾಗ ಹೆಚ್ಚಿನವರು ಎಡವುವುದು ದಿನಾಂಕದಲ್ಲಿ. ಹವಾಮಾನ ಇಲಾಖೆಯ ದಿನದ ಮಳೆ ಎಂದರೆ ಬೆಳಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯದು. ನಿನ್ನೆ ಸಂಜೆ ಸುರಿದದ್ದು ಇಂದಿನ ದಿನಾಂಕದಲ್ಲಿ ಇರುತ್ತದೆ. ಜೊತೆಗೆ, ನೆರೆ ಬಂದ ಜಿಲ್ಲೆಯ ಮಳೆಯನ್ನಷ್ಟೇ ನೋಡಿದರೆ ಸಾಲದು. 2019ರ ಆಗಸ್ಟ್‌ನಲ್ಲಿ ಕೃಷ್ಣಾ ತೀರದ ಹಳ್ಳಿಗಳನ್ನು ಮುಳುಗಿಸಿದ ನೀರಿನಲ್ಲಿ ಬಹುಪಾಲು ಮಹಾರಾಷ್ಟ್ರದ ಘಟ್ಟದಿಂದ ಇಳಿದದ್ದು. ಜಲಾನಯನದ ಮೇಲ್ಭಾಗದ ಮಳೆಯನ್ನು, ಹಿಂದಿನ ಕೆಲವು ದಿನಗಳದ್ದನ್ನೂ ಕೂಡಿಸಿ ನೋಡಿ.

ಇಷ್ಟಾದ ಮೇಲೂ ಘಟನೆಗಳು ಏರುತ್ತಿದ್ದರೆ, ಅದೇ ನದಿಯ ಮಾಪನ ಕೇಂದ್ರದ ವಾರ್ಷಿಕ ಗರಿಷ್ಠ ಮಟ್ಟವನ್ನು ಪಕ್ಕಕ್ಕಿಡಿ. ಮಟ್ಟ ಏರದೆ ಪಟ್ಟಿಯಷ್ಟೇ ಏರಿದ್ದರೆ, ದಂಡೆಯ ಮೇಲಿನ ಮನೆಗಳು ಹೆಚ್ಚಿವೆಯೇ, ವರದಿಗಳು ಹೆಚ್ಚಿವೆಯೇ ಎಂದು ಹುಡುಕಬೇಕು.