ಕೌಂಟರಿನ ಮುಂದೆ ನಿಂತವರೊಂದಿಗೆ: ಸರ್ಕಾರಿ ಕಚೇರಿಯ ನಡತೆ, ಅಧ್ಯಯನ ಟಿಪ್ಪಣಿ

ಎಫ್‌ಡಿಎ, ಎಸ್‌ಡಿಎ (ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕ) ಹುದ್ದೆಗೆ ಹೊಸದಾಗಿ ಸೇರಿದವರು, ಸೇರಲಿರುವವರು ಓದಿಕೊಳ್ಳಲೆಂದು ಈ ಟಿಪ್ಪಣಿ. ಕಚೇರಿ ಶಿಷ್ಟಾಚಾರ ಎಂದಕೂಡಲೇ ಇಸ್ತ್ರಿ ಅಂಗಿ, ಗುರುತಿನ ಚೀಟಿ, ಮೇಲಧಿಕಾರಿಗೆ ನಮಸ್ಕಾರ ನೆನಪಾಗುತ್ತವೆ. ಅವೂ ಬೇಕು. ಆದರೆ ಕೂಲಿ ಬಿಟ್ಟು, ಬಸ್ಸು ಹಿಡಿದು ತಾಲ್ಲೂಕು ಕಚೇರಿಗೆ ಬಂದವರಿಗೆ ನಾವು ತೋರಿಸಬಹುದಾದ ದೊಡ್ಡ ಮರ್ಯಾದೆ ಎಂದರೆ ಒಂದೇ ಸಲಕ್ಕೆ ಪೂರ್ತಿ ಉತ್ತರ ಕೊಡುವುದು.

ಮಾತಿನಿಂದ ಶುರುಮಾಡೋಣ. ಬಟ್ಟೆ ನೋಡಿ ಏಕವಚನಕ್ಕೆ ಇಳಿಯಬಾರದು. "ಏನಮ್ಮಾ ನಿಂದು?" ಎನ್ನುವುದಕ್ಕೂ "ಹೇಳಿ ಅಮ್ಮ, ಏನಾಗಬೇಕಿತ್ತು?" ಎನ್ನುವುದಕ್ಕೂ ಹಿಡಿಯುವ ಹೊತ್ತು ಒಂದೇ. ಹಳ್ಳಿಯ ಹಿರಿಯರು ನಮ್ಮನ್ನೇ ಏಕವಚನದಲ್ಲಿ ಕರೆದಾರು. ಎಷ್ಟೋ ಕಡೆ ಅದು ಅಲ್ಲಿಯ ಮಾತಿನ ರೂಢಿ, ಅವಮಾನ ಎಂದುಕೊಳ್ಳಬೇಡಿ. ಎದುರಿಗೆ ಜನ ನಿಂತಿರುವಾಗ ಮೊಬೈಲ್ ಮೇಜಿನ ಮೇಲೆ ಕವುಚಿರಲಿ.

ಇನ್ನು "ನಾಳೆ ಬನ್ನಿ". ಇದು ಕಾನೂನಿಗೂ ಸಲ್ಲದ ಮಾತು. 2011ರ ಸಕಾಲ ಕಾಯ್ದೆ ರಾಜ್ಯಾದ್ಯಂತ ಜಾರಿಯಾದದ್ದು 2012ರ ಏಪ್ರಿಲ್ 2ರಂದು. ಅದರ ವ್ಯಾಪ್ತಿಯ ಪ್ರತಿ ಸೇವೆಗೂ ಇಂತಿಷ್ಟು ದಿನ ಎಂದು ಗೊತ್ತುಪಡಿಸಿದ್ದಾರೆ. ಅರ್ಜಿ ತೆಗೆದುಕೊಂಡರೆ ಸ್ವೀಕೃತಿ ಕೊಡಬೇಕು, ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ. ಅಂದರೆ 25 ದಿನಕ್ಕೆ ಮೊತ್ತ ತುಂಬುತ್ತದೆ. ಮೊತ್ತ ಚಿಕ್ಕದೆನಿಸಬಹುದು, ಆದರೆ ಅದು ಹೊಣೆಗಾರ ನೌಕರರಿಂದಲೇ ವಸೂಲಾಗುವಂಥದ್ದು.

ಹೆಚ್ಚು ತಪ್ಪಾಗುವುದು ಹಿಂಬರಹದಲ್ಲಿ, ಅಂದರೆ ಅರ್ಜಿದಾರರಿಗೆ ಕಚೇರಿ ಕೊಡುವ ಲಿಖಿತ ಉತ್ತರದಲ್ಲಿ. ಪೌತಿ ಖಾತೆಯ (ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ) ಅರ್ಜಿಯೊಂದಕ್ಕೆ ಬರೆದ ಸಾಲು ನೋಡಿ:

"ದಾಖಲೆಗಳು ಸರಿ ಇಲ್ಲದ ಕಾರಣ ಅರ್ಜಿ ತಿರಸ್ಕರಿಸಿದೆ."

ಯಾವ ದಾಖಲೆ, ಏನು ಸರಿಯಿಲ್ಲ? ಓದಿದವರಿಗೆ ಏನೂ ಗೊತ್ತಾಗದು, ಮತ್ತೆ ಕಚೇರಿಗೆ ಅಲೆಯಬೇಕು, ಇಲ್ಲವೇ ಮಧ್ಯವರ್ತಿಯ ಕೈಗೆ ಸಿಗಬೇಕು. ಅದನ್ನೇ ಹೀಗೆ ಬರೆಯಬಹುದು:

"ಪಹಣಿಯಲ್ಲಿ ಖಾತೆದಾರರ ಹೆಸರು ನಂಜಪ್ಪ ಎಂದಿದೆ, ಮರಣ ಪ್ರಮಾಣಪತ್ರದಲ್ಲಿ ನಂಜುಂಡಪ್ಪ ಎಂದಿದೆ. ಇಬ್ಬರೂ ಒಬ್ಬರೇ ಎಂಬುದಕ್ಕೆ ದಾಖಲೆ ಒದಗಿಸುವುದು. ಉಳಿದ ದಾಖಲೆಗಳು ಸರಿಯಿವೆ."

ಕೊನೆಯ ವಾಕ್ಯ ಮರೆಯಬೇಡಿ. ಅದನ್ನು ಬರೆಯಬೇಕಾದರೆ ಉಳಿದದ್ದನ್ನೆಲ್ಲ ಅಂದೇ ಪರಿಶೀಲಿಸಿರಬೇಕು. ಇವತ್ತು ಒಂದು ಕೊರತೆ, ಬರುವ ವಾರ ಇನ್ನೊಂದು ಕೊರತೆ ಎಂದು ಸತಾಯಿಸುವುದು ಅಲ್ಲಿಗೆ ನಿಲ್ಲುತ್ತದೆ. ಮೇಲ್ಮನವಿಗೆ 30 ದಿನ ಅವಕಾಶವಿದೆ ಎಂಬುದನ್ನೂ, ಅದನ್ನು ಯಾರಿಗೆ ಸಲ್ಲಿಸಬೇಕೆಂಬುದನ್ನೂ ಕೆಳಗೆ ಸೇರಿಸಿ.

ಮಾಹಿತಿ ಹಕ್ಕಿನ ಅರ್ಜಿ ಬಂದರೆ "ನಿಮಗ್ಯಾಕೆ ಇದು?" ಎಂದು ಕೇಳುವಂತಿಲ್ಲ. 2005ರ ಕಾಯ್ದೆಯ 6(2)ನೇ ಪ್ರಕರಣದಂತೆ ಅರ್ಜಿದಾರರು ಕಾರಣ ಹೇಳಬೇಕಿಲ್ಲ. ಬರೆಯಲು ಬಾರದವರು ಬಾಯಿಮಾತಿನಲ್ಲಿ ಕೇಳಿದ್ದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. ವಿಷಯ ಬೇರೆ ಕಚೇರಿಗೆ ಸೇರಿದ್ದರೆ 5 ದಿನದೊಳಗೆ ಅಲ್ಲಿಗೆ ವರ್ಗಾಯಿಸಬೇಕು.

ಮೇಲಧಿಕಾರಿಯೊಂದಿಗಿನ ಭಿನ್ನಾಭಿಪ್ರಾಯಕ್ಕೆ ಜಾಗ ಕಡತದ ಟಿಪ್ಪಣಿ ಹಾಳೆ, ಕಾರಿಡಾರ್ ಅಲ್ಲ. ಸಂಗತಿ, ಅನ್ವಯವಾಗುವ ನಿಯಮ, ನಿಮ್ಮ ಅಭಿಪ್ರಾಯ, ಈ ಕ್ರಮದಲ್ಲಿ ಕಂಡಿಕೆ (ಪ್ಯಾರಾ) ಸಂಖ್ಯೆ ಹಾಕಿ ಬರೆದು ಕಡತ ಮಂಡಿಸಿ. ಅವರು ಒಪ್ಪದಿದ್ದರೆ ಕೆಳಗೆ ತಮ್ಮ ಆದೇಶ ಬರೆಯುತ್ತಾರೆ. ನಿಮ್ಮ ಕಂಡಿಕೆಗೆ ವೈಟ್ನರ್ ಹಚ್ಚುವುದು, ಹಾಳೆ ಬದಲಿಸುವುದು ಸಲ್ಲದು. ಬಾಯಿಮಾತಿನ ಆದೇಶ ಬಂದಿದ್ದರೆ "ಮೌಖಿಕ ನಿರ್ದೇಶನದಂತೆ" ಎಂದು ದಿನಾಂಕ ಸಮೇತ ದಾಖಲಿಸಿ ಲಿಖಿತ ದೃಢೀಕರಣ ಕೋರಿ.

ಸಹೋದ್ಯೋಗಿಯ ಮೈಕಟ್ಟು, ಉಡುಪಿನ ಬಗ್ಗೆ ಆಡುವ ಮಾತು ತಮಾಷೆಯ ಲೆಕ್ಕಕ್ಕೆ ಬರುವುದಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಮಂದಿಯಿರುವ ಕಚೇರಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಮಹಿಳೆ ದೂರು ಕೊಡಲು ಸಾಮಾನ್ಯವಾಗಿ 3 ತಿಂಗಳ ಅವಧಿ ಇದೆ.

ವರ್ಗಾವಣೆಯಾದಾಗ ಬೀರುವಿನ ಕೀಲಿ ಕೊಟ್ಟು ಹೊರಟುಬಿಡಬೇಡಿ. ಬಾಕಿ ಅರ್ಜಿಗಳನ್ನು ಗಡುವಿನ ದಿನಾಂಕದ ಕ್ರಮದಲ್ಲಿ ಪಟ್ಟಿ ಮಾಡಿ, ಪ್ರತಿಯೊಂದೂ ಎಲ್ಲಿ ನಿಂತಿದೆ ಎಂದು ಒಂದೊಂದು ಸಾಲು ಬರೆದು, ಪ್ರಭಾರ ಪಟ್ಟಿಗೆ (ಹೊಣೆ ಹಸ್ತಾಂತರದ ಪಟ್ಟಿಗೆ) ಲಗತ್ತಿಸಿ, ನೀವೂ ನಿಮ್ಮ ಜಾಗಕ್ಕೆ ಬರುವವರೂ ಇಬ್ಬರೂ ಸಹಿ ಹಾಕಿ.