ಅಟ್ಟದ ಮೇಲಿನ ಗಗ್ಗರ: ಒಂದೇ ಪುಟದಲ್ಲಿ ಎರಡು ಬಗೆಯ ಗೆರೆ

ಕಾಮಿಕ್ಸಿನಲ್ಲಿ ಒಂದು ವಸ್ತು ‘ಇದು ಈ ಲೋಕದ್ದಲ್ಲ’ ಅನಿಸಬೇಕು. ಏನು ಮಾಡುತ್ತೀರಿ? ನಾನು ಮೊದಲು ಅದರ ಸುತ್ತ ಕಿರಣ ಬರೆದೆ. ತಂಗಿ ನೋಡಿ, “ಇದೇನು, ಪಾತ್ರೆ ತಿಕ್ಕುವ ಸೋಪಿನ ಜಾಹೀರಾತಾ?” ಅಂದಳು.

ಕಥೆ ಇಷ್ಟೇ. ಕುಂಬಳೆ ಕಡೆಯ ಹಳೇ ಹಂಚಿನ ಮನೆ. ಹುಡುಗನೊಬ್ಬ ತೆಂಗಿನಕಾಯಿ ತರಲು ಅಟ್ಟ ಹತ್ತುತ್ತಾನೆ. ಅಲ್ಲಿ ಭೂತದ ಗಗ್ಗರ, ಅಂದರೆ ದೈವದ ವೇಷ ಕಟ್ಟಿ ಕುಣಿಯುವವರ ಕಾಲಿನ ಲೋಹದ ಕಡಗ, ಬಿದ್ದಿದೆ. (ಗಗ್ಗರ ಇರುವುದು ಭೂತದ ಒಡವೆ ಇಡುವ ಭಂಡಾರದಲ್ಲಿ, ಅಟ್ಟದಲ್ಲಿ ಅಲ್ಲ ಎಂದು ಅಜ್ಜಿ ತಕರಾರು ತೆಗೆದರು. ಅದೇ ಅಲ್ವಾ ಕಥೆ!)

ಎರಡನೇ ಸಲ ಕಿರಣ ಬಿಟ್ಟೆ. ಗಗ್ಗರವನ್ನು ನಿಜದಂತೆ ಬರೆದೆ: ಕಿಲುಬು, ತಗ್ಗು, ಸವೆದ ಅಂಚು, ಎಲ್ಲ ಸಣ್ಣ ಸಣ್ಣ ಅಡ್ಡಗೆರೆಯಲ್ಲಿ. ಅದೇ ಉಮೇದಿನಲ್ಲಿ ಮಾಡಿನ ಮರದ ಪಕ್ಕಾಸು, ರೀಪು, ಜೇಡರ ಬಲೆಗೂ ಅಷ್ಟೇ ಗೆರೆ ಹಾಕಿಬಿಟ್ಟೆ. ಗಗ್ಗರ ಅಟ್ಟದ ಗುಜರಿಯಲ್ಲಿ ಕಳೆದೇ ಹೋಯಿತು.

ತಪ್ಪು ಎಲ್ಲಿ ಎಂದು ಆಗ ಗೊತ್ತಾಯಿತು. ವಿವರ ಜಾಸ್ತಿ ಇದ್ದ ಮಾತ್ರಕ್ಕೆ ವಸ್ತು ವಿಚಿತ್ರ ಆಗುವುದಿಲ್ಲ. ಎರಡು ಮೂರು ಪ್ಯಾನೆಲ್ (ಪುಟದ ಒಂದೊಂದು ಚಿತ್ರದ ಚೌಕ) ನೋಡುವಷ್ಟರಲ್ಲಿ ‘ಇಲ್ಲಿ ಎಲ್ಲ ಹೀಗೇ ಇರುತ್ತದೆ’ ಎಂದು ಓದುಗರ ಕಣ್ಣು ಒಪ್ಪಿಕೊಂಡಿರುತ್ತದೆ. ಆ ಒಪ್ಪಂದವನ್ನು ಒಂದೇ ಒಂದು ವಸ್ತು ಮುರಿಯಬೇಕು. ಟಿನ್‌ಟಿನ್ ಕಥೆಗಳನ್ನೇ ನೋಡಿ. ಅವನ್ನು ಬರೆದ ಹೆರ್ಜೆ ಮುಖವನ್ನು ತೀರಾ ಸರಳವಾಗಿ, ಹಿನ್ನೆಲೆಯನ್ನು ಬಹಳ ವಿವರವಾಗಿ ಬರೆಯುತ್ತಾರೆ. ಆದರೂ ಆ ಬೀದಿಗಳು ಬೇರೆ ಲೋಕ ಅನಿಸುವುದಿಲ್ಲ, ಯಾಕೆಂದರೆ ಮೊದಲ ಪುಟದಿಂದಲೂ ಅದೇ ಲೆಕ್ಕ. ಸ್ಕಾಟ್ ಮೆಕ್‌ಕ್ಲೌಡ್ ಕಾಮಿಕ್ಸ್ ಕಲೆಯ ಬಗ್ಗೆ ಬರೆದ 1993ರ ತಮ್ಮ ಪುಸ್ತಕದಲ್ಲಿ ಜಪಾನಿ ಕಾಮಿಕ್ಸಿನ ಕತ್ತಿಯ ಉದಾಹರಣೆ ಕೊಡುತ್ತಾರೆ. ಒಂದು ಕಡೆ ಸರಳ ಗೆರೆಯ ಕತ್ತಿ, ಪಾತ್ರದ ಕೈಯ ಭಾಗವೇ ಎಂಬಂತೆ. ಇನ್ನೊಂದು ಕಡೆ ಅದೇ ಕತ್ತಿ ಥಟ್ಟನೆ ನಿಜದಂತೆ. ಆಗ ಅದರ ತೂಕ ನಮಗೆ ಗೊತ್ತಾಗುತ್ತದೆ.

ಯಕ್ಷಗಾನದ ಆಟ ನೋಡಿದವರಿಗೆ ಇದು ಹೊಸತಲ್ಲ. ಸ್ತ್ರೀವೇಷದ ಮುಖ ಹೆಚ್ಚುಕಮ್ಮಿ ಮನುಷ್ಯರ ಮುಖವೇ. ಅದೇ ರಂಗಸ್ಥಳಕ್ಕೆ ರಾಕ್ಷಸರ ಬಣ್ಣದ ವೇಷ ಬರುತ್ತದೆ, ಮುಖದ ತುಂಬ ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿ ಎಂಬ ಉಬ್ಬು ಚುಕ್ಕಿಗಳು ಮುಳ್ಳು ಮುಳ್ಳಾಗಿ. ರಾತ್ರಿಯಿಡೀ ಬರೀ ಬಣ್ಣದ ವೇಷಗಳೇ ಕುಣಿದರೆ ಯಾರಿಗೆ ಮೈ ಜುಂ ಅನ್ನುತ್ತದೆ?

ಮೂರನೇ ಸಲ ಹೀಗೆ ಮಾಡಿದೆ. ಮೊದಲ ಐದು ಪ್ಯಾನೆಲ್ ಪೂರ್ತಿ ದಪ್ಪ ಗೆರೆಯ 0.5ರ ಪೆನ್ನು. ಹುಡುಗನ ಕಣ್ಣು ಎರಡು ಚುಕ್ಕಿ, ತೆಂಗಿನಕಾಯಿ ಒಂದು ಸೊನ್ನೆ. ಆರನೆಯದರಲ್ಲಿ ಗಗ್ಗರ: ತೀರಾ ತೆಳು ಗೆರೆಯ 0.1ರ ಪೆನ್ನು, ಹೊರಗೆರೆ ಇಲ್ಲ, ಬರೀ ನೆರಳಿನಿಂದ ಆಕಾರ. ಗಾಜಿನ ಹಂಚಿನ ಬೆಳಕು ಎಡದಿಂದ ಬೀಳುತ್ತದೆ, ಗಗ್ಗರದ ಹೊಳಪು ಮಾತ್ರ ಬಲಕ್ಕೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ‘ಏನೋ ಸರಿಯಿಲ್ಲ’ ಅಂದರು. ಅಷ್ಟು ಸಾಕು. ಒಂದು ಎಚ್ಚರಿಕೆ: ಜೆರಾಕ್ಸಿನಲ್ಲಿ 0.1ರ ಗೆರೆ ಅರ್ಧಕ್ಕರ್ಧ ಮಾಯ ಆಗುತ್ತದೆ, ತೀರಾ ಒತ್ತಾಗಿ ಹಾಕಿದ ಕಡೆ ಕಪ್ಪು ಮುದ್ದೆ. 1960ರ ದಶಕದಲ್ಲಿ ಅಮೆರಿಕದ ಕಾಮಿಕ್ಸ್ ಚಿತ್ರಕಾರ ಜ್ಯಾಕ್ ಕರ್ಬಿ ಬೇರೆ ಆಯಾಮ ತೋರಿಸಲು ಫೋಟೋ ಕತ್ತರಿಸಿ ಅಂಟಿಸಿದಾಗಲೂ ಅಗ್ಗದ ಕಾಗದದಲ್ಲಿ ಅವು ಮಸಕಾಗಿಯೇ ಅಚ್ಚಾದವು. ಮೊದಲು ಒಂದು ಪ್ರತಿ ತೆಗೆಸಿ ನೋಡಿ.

ತಿರುಗಿಸಿಯೂ ಮಾಡಬಹುದು: ಎಲ್ಲ ವಿವರವಾಗಿರುವ ಪುಟದಲ್ಲಿ ಒಂದು ಚಪ್ಪಟೆ ಕಪ್ಪು ಆಕಾರ.

ನಿಜವಾದ ಕಷ್ಟ ಹುಡುಗ ಗಗ್ಗರ ಮುಟ್ಟುವ ಜಾಗದಲ್ಲಿ. ಕೈ ಯಾವ ಗೆರೆಯದ್ದು? ಎರಡನ್ನೂ ಬೆರೆಸಿ ನಯ ಮಾಡಲು ಹೋದೆ, ಇಡೀ ಭಯ ಕರಗಿಹೋಯಿತು. ಕೈ ದಪ್ಪ ಗೆರೆಯಲ್ಲೇ ಇರಲಿ, ಗಗ್ಗರ ಗಗ್ಗರದ ಹಾಗೇ ಇರಲಿ, ನಡುವೆ ಕೂದಲೆಳೆಯಷ್ಟು ಬಿಳಿ ಬಿಡಿ.

ನನ್ನ ಕೊನೆಯ ಪ್ಯಾನೆಲಿನಲ್ಲಿ ಹುಡುಗ ಕೆಳಗಿಳಿದು ಗಂಜಿಗೆ ಕೂತಿದ್ದಾನೆ. ಅಜ್ಜಿ, ಬಟ್ಟಲು, ಉಪ್ಪಿನಕಾಯಿ, ಎಲ್ಲ ದಪ್ಪ ಗೆರೆ. ಅವನ ತೋರುಬೆರಳಿನ ತುದಿಗೆ ಮಾತ್ರ ಹೊರಗೆರೆ ಇಲ್ಲ.